ಮಂದೆ ನಿಲ್ಲದ ಹೊಲ

ರಾಗಿ ಕೊಯ್ದ ಹೊಲದಲ್ಲಿ ರಾತ್ರಿ ಕುರಿ ಮಂದೆ ನಿಲ್ಲಿಸಿದರೆ ಮುಂದಿನ ಬೆಳೆಗೆ ಬೇರೆ ಗೊಬ್ಬರ ಬೇಡ. ಗಂಡ ತೀರಿಕೊಂಡ ಮೇಲೂ ಚೆಲುವಮ್ಮ ಈ ರೂಢಿ ಬಿಟ್ಟಿರಲಿಲ್ಲ. ತನ್ನ ಮಕ್ಕಳು ಉಣ್ಣುವ ರಾಗಿಗೆ ಅಂಗಡಿ ಗೊಬ್ಬರ ಸೋಕಬಾರದು ಎಂಬುದು ಅವಳ ಹಟ. ಹುಣಸೂರು ಸೀಮೆಯ ಆ ಊರಲ್ಲಿ ಸುತ್ತಲ ಹೊಲಗಳೆಲ್ಲ ಹೊಗೆಸೊಪ್ಪಿಗೋ ಶುಂಠಿಗೋ ಹೋಗಿದ್ದವು. ಪಕ್ಕದ ಹೊಲವನ್ನು ಮೈದುನ ನಿಂಗಯ್ಯ ಶುಂಠಿಯವನಿಗೆ ಗುತ್ತಿಗೆ ಕೊಟ್ಟಿದ್ದ. ಒಮ್ಮೆ ಶುಂಠಿ ಕಿತ್ತ ನೆಲ ಮತ್ತೆ ಶುಂಠಿಗಾಗದು. ಶುಂಠಿಯವನ ಕಣ್ಣು ಈಗ ಇವಳ ಹೊಲದ ಮೇಲೆ.

"ಕೊಟ್ಬುಡಿ ಅತ್ತಿಗೆ. ಅರಮನೆ ತೋಟವೇನೋ ಅನ್ನಂಗೆ ಕಾಯ್ತಿದ್ದೀರಲ್ಲ," ಎಂದು ನಿಂಗಯ್ಯ ಹಂಗಿಸಿದ್ದ.

"ನಾಳೆ ಮಂದೆ ಬತ್ತದೆ ಕಣಪ್ಪ," ಎಂದಷ್ಟೇ ಹೇಳಿ ಅವಳು ಒಳಗೆ ಹೋಗಿದ್ದಳು.

ಮಂದೆ ಬಂತು. ಬಂದ ಮಂದೆಗೆ ಹೊಲದವರು ಮೊದಲು ಬದುವಿನ ಹುಲ್ಲು ಬಿಟ್ಟುಕೊಡಬೇಕು. ಅದಕ್ಕೆಂದೇ ಚೆಲುವಮ್ಮ ನಿಂಗಯ್ಯನ ಹೊಲದ ಕಡೆಯ ಬದುವಿಗೆ ಕುಡುಗೋಲು ತಾಕಿಸಿರಲಿಲ್ಲ.

"ಮೇಯ್ಲಿ ಬುಡು ಚಿಕ್ಕಬೀರ, ನಂದೇ ಬದ ಕಣ," ಎಂದು ಕುರಿಯವನಿಗೆ ತಾನೇ ಹೇಳಿದಳು.

ಹಿಂದಿನ ಸಂಜೆ ಶುಂಠಿಗೆ ಹುಳದ ಔಷಧಿ ಹೊಡೆದಿದ್ದರು. ಗಾಳಿ ಇತ್ತ ಬೀಸಿತ್ತು. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಏಳೆಂಟು ಕುರಿ ನೊರೆ ಕಾರಿ ಬಿದ್ದು ಸತ್ತವು.

ಚಿಕ್ಕಬೀರ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಕುರಿ ಬಿದ್ದ ಹೊಲ್ದಲ್ಲಿ ನಮ್ಮೋರು ಮಂದೆ ಹಾಕಕಿಲ್ಲ ಕಣವ್ವ. ನಾನು ಹಾಕ್ತೀನಂದ್ರೂ ಮಿಕ್ಕೋರು ಬುಡಕಿಲ್ಲ," ಎಂದು ಉಳಿದವನ್ನು ಹೊಡೆದುಕೊಂಡು ಪಿರಿಯಾಪಟ್ಟಣದ ದಾರಿ ಹಿಡಿದ.

ಚೆಲುವಮ್ಮ ಮೈದುನನ ಮನೆಗೆ ನಡೆದಳು. ಶುಂಠಿಯವನೂ ಅಲ್ಲೇ ಕೂತಿದ್ದ.

"ನನ್ನ ಬೆಳೆಗೆ ನಾನು ಹೊಡ್ದೆ ಅಮ್ಮ. ಗಾಳಿಗೆ ಬೇಲಿ ಹಾಕೋಕಾಗುತ್ತಾ?" ಎಂದ ಅವನು.

ನಿಂಗಯ್ಯ ನೆಲ ನೋಡುತ್ತ ಹೇಳಿದ: "ಇನ್ನೇನ್ ಮಾಡೀರಿ ಅತ್ತಿಗೆ, ಮಂದೇನೂ ಬರಕಿಲ್ಲ. ಕೊಟ್ಬುಡಿ."

"ಇವ್ರು ಶುಂಠಿ ಕಿತ್ಕೊಂಡು ಹೋದ್ಮೇಲೆ ನಿನ್ನ ಹೊಲ ಏನಾಯ್ತದಪ್ಪ?"

"ಎಲ್ಲೋಯ್ತದೆ ಬುಡಿ, ಅಲ್ಲೇ ಬಿದ್ದಿರ್ತದೆ."

ಅವಳು ಹೊಲ ಕೊಡಲಿಲ್ಲ. ಆದರೆ ಬರೀ ಹಟ ತಿಂದು ರಾಗಿ ಬೆಳೆಯುವುದಿಲ್ಲ. ಮಳೆ ಹಿಡಿದಾಗ ಸೊಸೈಟಿ ಮುಂದಿನ ಯೂರಿಯಾ ಸಾಲಿನಲ್ಲಿ ತಲೆಮೇಲೆ ಸೆರಗು ಹೊದ್ದು ನಿಂತಳು.

"ಏನ್ ಚೆಲುವಕ್ಕ, ನಿಮ್ಮ ರಾಗಿಗೂ ಅಂಗಡಿ ಗೊಬ್ರದ ರುಚಿ ಹತ್ತಿತಾ?" ಎಂದು ಹಿಂದೆ ನಿಂತಿದ್ದ ನೆರೆಮನೆಯ ಉಷಾರಾಣಿ ನಕ್ಕಳು.

ಚೆಲುವಮ್ಮ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಸಾಲು ಸರಿಯಿತು, ಅವಳೂ ಸರಿದಳು.