ಗಡಿಗೆಯೊಳಗಿನ ಹೆಸರು

ಚಟ್ಟಕ್ಕೆ ಕೊನೆಯ ಗಂಟು ಹಾಕುತ್ತಿದ್ದ ಜಿನಗೊಂಡ ಹಗ್ಗ ಬಿಟ್ಟು ಎದ್ದ. ಯುದ್ಧಕಾಲದಲ್ಲಿ ಸರ್ಕಾರ ಊರೂರಿಂದ ವಸೂಲು ಮಾಡುವ ಲೆವಿ ಜೋಳ ಎಷ್ಟೆಂದು ಗೊತ್ತುಮಾಡುವ ಸಾಹೇಬರು ಗಡಹಿಂಗ್ಲಜದಿಂದ ಟಾಂಗಾದಲ್ಲಿ ಬಂದಿದ್ದರು.

“ನಮ್ಮಣ್ಣ ಬಸಗೊಂಡ ತೀರಿಕೊಂಡಾನ್ರಿ. ಬೆಳಿ ಅಂದಾಜು ನಾಳಿ ಮಾಡೂಣು.”

“ನಾಳಿ ಬ್ಯಾರೆ ಊರು. ಇವತ್ತ ಆಗಲಿಲ್ಲಂದ್ರ ರಸ್ತಾದಾಗ ಕಂಡಷ್ಟ ಬರಕೋತೀನಿ. ಹಗ್ಗದಷ್ಟು ಚೌಕಕ್ಕ ಒಂಬತ್ತ ಸೇರು ಬೆಳಿ ಅಂತ.”

ಅಂಗಳದಲ್ಲಿ ಅಳು ನಿಂತಿತು. ಎರಡು ವರ್ಷದ ಹಿಂದೆ ಹೀಗೆಯೇ ರಸ್ತೆ ಪಕ್ಕದ ಒಳ್ಳೆಯ ಹೊಲ ನೋಡಿ ಬರೆದುಕೊಂಡು ಹೋಗಿದ್ದರು. ಆಗ ಊರಿನ ಬಿತ್ತನೆ ಜೋಳವೂ ಲೆವಿಗೆ ಹೋಗಿತ್ತು.

ಬಸಗೊಂಡನ ಹೆಂಡತಿ ಚಂಪಾಬಾಯಿ ಕಣ್ಣೊರೆಸಿಕೊಂಡು ಒಳಗಿಂದ ಗಡಿಗೆ ತಂದಳು.

“ವೈನಿ, ಹೆಣಾ ಅಂಗಳದಾಗ ಐತಿ...” ಎಂದ ಜಿನಗೊಂಡ ಅತ್ತಿಗೆಗೆ.

“ನಿಮ್ಮಣ್ಣ ಇಲ್ಲಿ ಇರೂತನಕಾನ ಆಗಲಿ.”

*

ಹೋದ ವರ್ಷ ಊರಿನ ಹೊಲಕ್ಕೊಂದರಂತೆ ಚೀಟಿ ಬರೆದು ಗಡಿಗೆಗೆ ತುಂಬಿದವನು ಬಸಗೊಂಡ. ಕಣ್ಣು ಮುಚ್ಚಿ ಐದು ಚೀಟಿ ತೆಗೆಯುವುದು. ಆ ಐದು ಹೊಲಗಳಲ್ಲಿ ಹಗ್ಗದಷ್ಟು ಚೌಕ ಅಳೆದು ಕೊಯ್ಯುವುದು. ಕಾಳನ್ನೆಲ್ಲ ಕೂಡಿಸಿ ಐದು ಪಾಲು ಮಾಡುವುದು. ಒಂದು ಪಾಲು ಎಷ್ಟೋ, ಊರಿನ ಬೆಳೆ ಸರಾಸರಿ ಅಷ್ಟು; ಲೆವಿಯೂ ಅದರಂತೆಯೇ. ಜನ ನಕ್ಕು ‘ಗಡಿಗಿ ಬಸಗೊಂಡ’ ಎಂದು ಹೆಸರಿಟ್ಟರು.

ಮೊದಲ ಚೀಟಿಗೇ ಕುರುಬರ ಹಾಲಸಿದ್ದನ ಕಲ್ಲುಹೊಲ ಬಂತು. ಸಾಹೇಬರು ಮುಖ ಸಿಂಡರಿಸಿ, “ಇದನ್ನ ವಾಪಸ್ ಹಾಕು” ಎಂದರು.

“ಬ್ಯಾಡಾದ್ದನ್ನ ವಾಪಸ್ ಹಾಕೂದಾದ್ರ ಗಡಿಗಿ ಯಾಕ ಬೇಕರಿ?” ಎಂದ ಬಸಗೊಂಡ.

ಸಾಹೇಬರು ಒಪ್ಪಿದರು. ಆ ವರ್ಷ ಬೀಜ ಉಳಿಯಿತು.

*

ಈಗ ನಾಲ್ಕು ಚೀಟಿ ಬಂದವು, ಸಾಧಾರಣ ಹೊಲಗಳು. ಐದನೆಯದನ್ನು ಓದಿದ ಜಿನಗೊಂಡನ ಮುಖ ಇಳಿಯಿತು. ಅತ್ತಿಗೆಯ ಕಿವಿಯಲ್ಲಿ ಹೇಳಿದ:

“ಅಣ್ಣನ ಹೆಸರ ಬಂದೈತಿ. ನಮ್ಮ ಎರಿ ಹೊಲಾ ಊರಿಗೇ ಭಾಳ ಚೊಲೋದು. ಅದು ಸೇರಿದ್ರ ಬೀಜಕ್ಕ ಕುತ್ತು ಬರತೈತಿ. ಸತ್ತವರ ಚೀಟಿ ಹಿಡಿಯೂದು ಬ್ಯಾಡ್ರಿ. ಸಾಹೇಬರೂ ಇಲ್ಲ ಅನ್ನಂಗಿಲ್ಲ.”

ಚಂಪಾಬಾಯಿಗೆ ಓದು ಬರದು. ಆದರೆ ಗಂಡ ತನ್ನ ಹೆಸರು ಬರೆಯುವ ರೀತಿ ಗೊತ್ತಿತ್ತು. ಅದರ ಮೇಲೆ ಬೆರಳಾಡಿಸಿದಳು. ಊರಿನವರ ಮನೆಮನೆಯ ಬೀಜವೂ ಕಣ್ಣಮುಂದೆ ಬಂತು.

“ಹೊಲಾ ಸತ್ತಿಲ್ಲಲ್ಲೋ ಜಿನಗೊಂಡ. ಕೊಡು ಸಾಹೇಬರಿಗೆ.”

ಹೆಣ ಸುಡುಗಾಡಿಗೆ ಹೊರಟಿತು, ಕುಡುಗೋಲುಗಳು ಹೊಲಕ್ಕೆ.

ಸಂಜೆಗೆ ಹಾಲಸಿದ್ದ ಅಂಗಳದಲ್ಲಿ ಕಂಬಳಿ ಹಾಸಿದ. ನಾಲ್ಕು ಸಣ್ಣ ಗುಡ್ಡೆ, ಬಸಗೊಂಡನ ಹೊಲದ್ದು ಹನ್ನೊಂದು ಸೇರು. ಎಲ್ಲವನ್ನೂ ಕಲಸಿ ಅಳೆದು ಮತ್ತೆ ಐದು ಪಾಲು ಮಾಡಿದ. ಪಾಲಿಗೆ ಐದೇ ಸೇರು ಬಂತು. ಸಾಹೇಬರು ಒಂಬತ್ತನ್ನು ಹೊಡೆದುಹಾಕಿ ಐದು ಬರೆದುಕೊಂಡರು.

“ಬೀಜ ಉಳೀತ್ರೆವ್ವಾ!” ಎಂದ ಹಾಲಸಿದ್ದ.

ಜಿನಗೊಂಡ ಸಾಹೇಬರಿಂದ ವಾಪಸ್ ಬಂದ ಅಣ್ಣನ ಚೀಟಿ ಹಿಡಿದು ನಿಂತಿದ್ದ. “ಹೆಸರ ತಿದ್ದಲೇನ್ರಿ, ವೈನಿ?”

“ಬ್ಯಾಡ. ಮುಂದಿನ ವರ್ಷನೂ ಬಂದ್ರ ಬರಲಿ.”

ಅವಳು ಚೀಟಿಯನ್ನು ಮಡಚಿ ಉಳಿದವುಗಳ ಜೊತೆ ಹಾಕಿದಳು. ಗಡಿಗೆಯ ಬಾಯಿಗೆ ಅಂಗೈ ಮುಚ್ಚಿ, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು.