ಹಿರಿಯರ ಇಕ್ಕಳ

ನಮ್ಮದು ಗಾಜು ಕತ್ತರಿಸುವವರ ಮನೆ. ಕೆಳಗೆ ಅಂಗಡಿ, ಮೇಲೆ ವಾಸ. ಗಂಡ ತೀರಿಕೊಂಡ ಮೇಲೆ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ನಾನು ತಮ್ಮನ ಆಸರೆಗೆ ಬಂದೆ. ಮಗ ಸೋದರಮಾವನ ಕೈಕೆಳಗೇ ಕಸುಬು ಕಲಿತ. ಅವನು ಗೆರೆ ಎಳೆದು ತಟ್ಟಿದರೆ ಗಾಜು ಕೂದಲೆಳೆಯಷ್ಟೂ ಆಚೀಚೆ ಒಡೆಯುತ್ತಿರಲಿಲ್ಲ.

ಈ ಮನೆಯಲ್ಲೊಂದು ಪದ್ಧತಿ. ಮೈಗೆ ಹೊಕ್ಕ ಗಾಜನ್ನು ಮನೆಯ ಹಿರಿಯನೇ ದೇವರನ್ನು ನೆನೆದು ಕೀಳಬೇಕು. ಮೈಯಲ್ಲಿ ಗಾಜು ಹೊತ್ತವನು ಹೊಸಿಲು ದಾಟಿದರೆ ಕಸುಬಿಗೆ ಕೇಡು. ಅದಕ್ಕೆಂದೇ ದೇವರ ಗೂಡಿನಲ್ಲಿ ಒಂದು ಇಕ್ಕಳ. ದೀಪ ಹಚ್ಚುವಾಗ ದಿನವೂ ಅದನ್ನು ಒರೆಸಿಡುತ್ತಿದ್ದವಳು ನಾನು. ಬೆರಳಿಗೆ ಚುಚ್ಚಿದ ಚೂರು ಬಂದುಬಿಡುತ್ತಿತ್ತು, ಗಾಯ ಮಾಯುತ್ತಿತ್ತು, ಇಕ್ಕಳದ ಮಹಿಮೆ ಬೆಳೆಯುತ್ತಿತ್ತು. ಹುಲ್ಲುಕಡ್ಡಿ ಎತ್ತಿದವನು ಬೆಟ್ಟ ಎತ್ತಿದೆನೆಂದು ಬೀಗಿದ ಹಾಗೆ.

ಒಂದು ಬೆಳಿಗ್ಗೆ ಅಂಗಡಿಯಲ್ಲಿ ಗಾಜಿನ ದೊಡ್ಡ ಹಾಳೆಯೊಂದು ಮೇಜಿನಿಂದ ಜಾರಿ ಒಡೆಯಿತು. ಬಸ್ಸಿನ ಕಂಡಕ್ಟರಾಗಿದ್ದ ನನ್ನ ಸೊಸೆಗೆ ಅಂದು ರಜೆ. ಇಬ್ಬರೂ ಇಳಿದು ಓಡಿದೆವು. ಮಗ ನೆಲಕ್ಕೆ ಕುಸಿದಿದ್ದ. ಅಂಗೈಯಗಲದ ಚೂರು ಅವನ ತೊಡೆಯ ಒಳಮಗ್ಗುಲಲ್ಲಿ ಆಳವಾಗಿ ನೆಟ್ಟಿತ್ತು. ರಕ್ತ ಮಾತ್ರ ಹೆಚ್ಚು ಬಂದಿರಲಿಲ್ಲ. ಹೊಸ ಹಾಳೆ ಹೋಯಿತಲ್ಲಮ್ಮ, ಇನ್ನು ಮಾವ ನನ್ನ ತೊಗಲನ್ನೇ ಕಿಟಕಿಗೆ ಹಾಕಿಸುತ್ತಾರೆ ಎಂದು ನಕ್ಕ ಕೂಡ.

ಇಕ್ಕಳ ಹಿಡಿದು ತಮ್ಮ ಬಂದ. ಸೊಸೆ ಅಡ್ಡ ನಿಂತಳು.

"ಮಾವ, ಕೀಳಬೇಡಿ. ಈಗ ರಕ್ತಕ್ಕೆ ಆ ಗಾಜೇ ಬಿರಡೆ. ಅಲ್ಲಾಡದ ಹಾಗೆ ಸುತ್ತ ಬಟ್ಟೆ ಒತ್ತಿ ಕಟ್ಟಿ ಆಸ್ಪತ್ರೆಗೆ ಹೋಗೋಣ. ಕೆಲಸಕ್ಕೆ ಸೇರುವಾಗ ನಮಗೆ ಹೇಳಿಕೊಟ್ಟಿದ್ದಾರೆ."

"ಇಲ್ಲಿ ಸೀಟಿ ಊದಬೇಡ ತಾಯಿ, ಇದು ನಿನ್ನ ಬಸ್ಸಲ್ಲ. ನಮ್ಮಪ್ಪ, ನಮ್ಮಜ್ಜ ಕಿತ್ತ ಗಾಜಿಗೆ ಒಬ್ಬನೂ ಸತ್ತಿಲ್ಲ."

ಹಿರಿಯರ ಮಾತೇ ನಡೆಯಬೇಕಾದರೆ ನಾನು ನಿನಗಿಂತ ದೊಡ್ಡವಳು, ಬೇಡವೆನ್ನುತ್ತಿದ್ದೇನೆ ಎಂದೆ. ಅವನು ತಿರುಗಿಯೂ ನೋಡಲಿಲ್ಲ.

"ಹಿರಿಯ ಅಂದ್ರೆ ಗಂಡಸು ಕಣಕ್ಕ. ನೀನು ಹೋಗಿ ದೀಪ ನೋಡ್ಕೋ."

ಪಕ್ಕದ ಅಂಗಡಿಯವರು ನಮ್ಮಿಬ್ಬರನ್ನೂ ಹಿಂದಕ್ಕೆಳೆದರು. ಅವನು ಕಣ್ಣು ಮುಚ್ಚಿ ದೇವರನ್ನು ನೆನೆದು ಕಿತ್ತ. ರಕ್ತ ಅವನ ಮುಖಕ್ಕೇ ಚಿಮ್ಮಿತು. ಸೊಸೆ ಬಿಡಿಸಿಕೊಂಡು ಹೋಗಿ ಎರಡೂ ಮುಷ್ಟಿಯನ್ನು ಗಾಯಕ್ಕೆ ಒತ್ತಿದಳು. ಆಸ್ಪತ್ರೆ ಮುಟ್ಟುವವರೆಗೂ ತೆಗೆಯಲಿಲ್ಲ. ದಾರಿಯಲ್ಲಿ ಮಗ ಬಾಯಾರಿಕೆ ಎಂದ, ಚಳಿ ಎಂದ, ಆಮೇಲೆ ಏನೂ ಅನ್ನಲಿಲ್ಲ.

ಆಸ್ಪತ್ರೆಯವರು ಎರಡು ತೋಳಿಗೂ ರಕ್ತ ಏರಿಸುತ್ತಲೇ ಅವನನ್ನು ಒಳಗೆ ಒಯ್ದರು. ಹೃದಯ ನಿಂತಿತು, ಎದೆ ಒತ್ತಿ ಮರಳಿ ಮಿಡಿಸಿದರು. ಹರಿದ ರಕ್ತನಾಳವನ್ನು ಹುಡುಕಿ ಕಟ್ಟಿದರು. ಆದರೆ ಮೈ ತಣ್ಣಗಾಗಿತ್ತು, ಹೆಪ್ಪುಗಟ್ಟುವ ಗುಣವೇ ರಕ್ತದಲ್ಲಿ ಉಳಿದಿರಲಿಲ್ಲ, ಸೂಜಿ ಚುಚ್ಚಿದಲ್ಲೆಲ್ಲ ಒಸರುತ್ತಿತ್ತಂತೆ. ಎರಡನೆಯ ಸಲ ನಿಂತ ಹೃದಯ ಮರಳಲಿಲ್ಲ.

ಶಸ್ತ್ರವೈದ್ಯೆ ಹೊರಗೆ ಬಂದು ಗಾಜು ಕಿತ್ತವರು ಯಾರು ಎಂದು ಕೇಳಿದಳು.

"ಅದನ್ನ ಹಾಗೇ ಬಿಟ್ಟು ಕರ್ಕೊಂಡು ಬಂದಿದ್ರೆ, ರಕ್ತ ಸಿದ್ಧ ಇಟ್ಕೊಂಡು, ಗಾಯದ ಮೇಲಿನ ರಕ್ತನಾಳ ಹಿಡ್ಕೊಂಡು ನಾವೇ ತೆಗೀತಿದ್ವಿ. ಬದುಕೋ ದಾರಿ ಇತ್ತು."

ಹಣೆಬರಹ ಎಂದ ತಮ್ಮ. ನೆಂಟರು ಹೌದೌದೆಂದು ತಲೆಯಾಡಿಸಿದರು. ಇಕ್ಕಳವನ್ನು ತೊಳೆದು ಮತ್ತೆ ದೇವರ ಗೂಡಿನಲ್ಲೇ ಇಟ್ಟರು. ದೇವರನ್ನು ನಂಬಿಯೇ ಬಾಳಿದವಳು ನಾನು, ಅದಕ್ಕೇ ಕೇಳುತ್ತೇನೆ: ಹಣೆಯಲ್ಲಿ ಬರೆದವನಿಗೆ ನಮ್ಮ ಇಕ್ಕಳ ಯಾಕೆ ಬೇಕಿತ್ತು? ನಾವು ಮಾಡಿದ ಕೊಲೆಗೆ ಅವನ ರುಜು ಹಾಕಿಸುವುದು ಯಾವ ಭಕ್ತಿ?

ವರ್ಷ ತಿರುಗುವ ಮೊದಲೇ ತಮ್ಮನ ಸ್ವಂತ ಮಗನ ಪಕ್ಕೆಗೆ ಗಾಜು ಹೊಕ್ಕಿತು. ಸೊಸೆ ಕೆಲಸಕ್ಕೆ ಹೋಗಿದ್ದಳು. ಅದೇ ಅಂಗಡಿ, ಬಾಗಿಲಲ್ಲಿ ಅದೇ ಜನ. ಗಾಜಿನತ್ತ ಚಾಚಿದ ಕೈಯನ್ನು ತಮ್ಮ ಹಿಂದೆಳೆದುಕೊಂಡ. ಆದರೂ ನಾಲ್ಕು ಜನ ನೋಡುತ್ತಿದ್ದಾರಲ್ಲ, ಮೆಟ್ಟಿಲೇರಿ ದೇವರ ಗೂಡಿಗೆ ಬಂದ. ಇಕ್ಕಳ ಅಲ್ಲಿರಲಿಲ್ಲ. ಅವನಿಗಿಂತ ಮೊದಲೇ ಮೇಲೆ ಓಡಿಬಂದಿದ್ದ ನನ್ನ ಕೈಯಲ್ಲಿತ್ತು.

"ಕೊಡಕ್ಕ."

"ಕೊಡಲ್ಲ. ನನ್ನ ಮಗ ಬಿದ್ದಿದ್ದಾಗ ದೀಪ ನೋಡ್ಕೋ ಹೋಗು ಅಂದೆ. ಕೆಳಗೆ ಬಿದ್ದಿರೋದು ನಿನ್ನ ಮನೆ ದೀಪ ಕಣೋ. ನಿನ್ನ ಕೈಯಾರೆ ಆರಿಸಬೇಡ. ಹೋಗು, ಗಾಡಿ ತರಿಸು."

ಅವನು ನೋಡುತ್ತಿರುವಂತೆಯೇ ಇಕ್ಕಳವನ್ನು ಕಿಟಕಿಯಿಂದ ಚರಂಡಿಗೆ ಎಸೆದೆ. ಕೆಳಗಿಳಿದು, ಸೊಸೆ ಕಲಿಸಿದ್ದಂತೆ ಗಾಜಿನ ಎರಡು ಮಗ್ಗುಲಿಗೂ ಬಟ್ಟೆಯ ಸುರುಳಿ ಇಟ್ಟು ಕಟ್ಟಿದೆ. ಯಾರೋ ಹೊಸಿಲು, ಕೇಡು ಎಂದು ಗೊಣಗಿದರು. ಆಗಬೇಕಾದ ಕೇಡು ಆಗಿಹೋಗಿದೆ, ದಾರಿ ಬಿಡಿ ಎಂದೆ. ಗಾಜು ಹೊತ್ತ ಹುಡುಗ ಹೊಸಿಲು ದಾಟಿದ.

ಅದೇ ವೈದ್ಯೆ, ಅದೇ ಕೋಣೆ. ರಕ್ತ ತರಿಸಿಟ್ಟುಕೊಂಡು, ಪಕ್ಕೆ ತೆರೆದು, ಕಣ್ಣೆದುರೇ ನೋಡಿ ಗಾಜು ತೆಗೆದಳು. ಹುಡುಗ ಬದುಕಿದ.

ಆಸ್ಪತ್ರೆಯ ಬೆಂಚಿನ ಮೇಲೆ ಕೈಮುಗಿದು ಅಳುತ್ತಿದ್ದ ತಮ್ಮ.

"ದೇವರು ದೊಡ್ಡವನಕ್ಕ. ಈ ಸಲ ಕಣ್ಣು ಬಿಟ್ಟ."

"ಅವತ್ತೂ ಬಿಟ್ಟಿದ್ದ ಕಣೋ," ಎಂದೆ. "ನನ್ನ ಮಗನ ಗಾಯಕ್ಕೆ ತಾನೇ ಬಿರಡೆ ಹಾಕಿ ಕೊಟ್ಟಿದ್ದ. ಕಿತ್ತವನು ನೀನು."