ಮೂಟೆ ಬೇಡದ ದೋಣಿ

ನಮ್ಮ ನ್ಯಾರಗನ್ಸೆಟ್ ಕೊಲ್ಲಿಯಲ್ಲಿ ಆಗ ಹಾಯಿದೋಣಿ ಪಂದ್ಯ ಗೆಲ್ಲಿಸುತ್ತಿದ್ದವರು ಮೂಟೆಯವರು. ದೋಣಿ ತಿರುಗಿದಾಗಲೆಲ್ಲ ಮರಳುಮೂಟೆಗಳನ್ನು ಗಾಳಿ ಬರುವ ಬದಿಗೆ ಎತ್ತಿಹಾಕಬೇಕು. ತಡವಾಯಿತೋ, ದೋಣಿ ಮಗುಚಿತು. ನಾನೂ ಓಬೆಡ್ ಟಾಲ್ಮನ್ನೂ ಅದರಲ್ಲೇ ಸೊಂಟ ಸವೆಸಿದವರು.

ಓಬೆಡನ ಮಗ ಫೈಲೊ ಎರಡು ಸಪೂರ ದೋಣಿಗಳನ್ನು ಅಡ್ಡತೊಲೆಗಳಿಂದ ಬೆಸೆದು ಜೋಡಿದೋಣಿ ಕಟ್ಟಿದ. ಅಗಲವೇ ಅದನ್ನು ಮಗುಚದಂತೆ ಹಿಡಿಯುತ್ತದೆ, ಮೂಟೆ ಬೇಡ ಎಂದ.

"ಮೂಟೆ ಬೇಡ್ವಂತೆ! ಹಂಗಾದ್ರೆ ನಿಮ್ಮಪ್ಪನೂ ಬೇಡ ಅನ್ನು," ಎಂದು ಕೆಣಕಿದೆ.

"ಅಪ್ಪ ಬೇಕು. ಸುಮ್ನೆ ಕೂತಿರ್ಲಿ."

ಓಬೆಡ್ ಅದನ್ನು 'ಮಂಚ' ಎಂದೇ ಕರೆಯುತ್ತಿದ್ದ. ಅಪ್ಪನ ಬಾಯಲ್ಲಿ ಒಮ್ಮೆ 'ದೋಣಿ' ಎನ್ನಿಸಿಕೊಳ್ಳಬೇಕೆಂದೇ ಫೈಲೊ ಪಂದ್ಯಕ್ಕೆ ಇಳಿದದ್ದು.

ಗೆದ್ದ. ನಾವು ಕೊನೆಯ ತಿರುವು ಮುಟ್ಟುವಷ್ಟರಲ್ಲಿ ಅಪ್ಪ ಮಗ ಇಬ್ಬರೂ ದಡದಲ್ಲಿ ಹಾಯಿ ಮಡಚುತ್ತಿದ್ದರು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಎರಡನೆಯವರಾಗಿ ಬಂದ ನಮ್ಮ ದೋಣಿಯ ಯಜಮಾನ ಗೋರಮ್ ಪಂದ್ಯದ ಮುಖ್ಯಸ್ಥನೂ ಹೌದು. ಇಳಿದವನೇ ಗಡ್ಡ ನೀವಿಕೊಂಡ.

"ಹೊರಟಾಗ ಇದ್ದ ಮೂಟೆ ವಾಪಸ್ ಬರ್ಬೇಕು ಅಂತ ನಿಯಮ. ಇದ್ರಲ್ಲಿ ಮೂಟೆನೇ ಇಲ್ವಲ್ಲ. ಇದೆಂಥ ದೋಣಿ?"

ಫೈಲೊನ ಮುಖ ಇಳಿಯಿತು. ಓಬೆಡ್ ಎದ್ದು, ಎಡಗಡೆಯ ದೋಣಿಯ ಹೊಟ್ಟೆಯಿಂದ ಒಂದು ಮರಳುಮೂಟೆ ಎಳೆದು ತಂದು ಗೋರಮನ ಬೂಟಿನ ಮುಂದೆ ಧೊಪ್ಪೆಂದು ಹಾಕಿದ.

"ಅಪ್ಪಾ! ಬೇಡ ಅಂದಿದ್ನಲ್ಲ!"

"ನಂಬಿಕೆ ಇರ್ಲಿಲ್ಲ ಕಣೋ. ಕದ್ದು ತಂದೆ."

"ಇಟ್ಕೊಂಡು ಕೂತ್ರೆ ಆಯ್ತೇನಯ್ಯಾ?" ಎಂದ ಗೋರಮ್. "ತಿರುವಲ್ಲಿ ಅದನ್ನ ಎತ್ತಿಹಾಕಿದ್ದು ಯಾರು ನೋಡಿದ್ರು?"

"ಪ್ರತಿ ತಿರುವಲ್ಲೂ ಹಾಕಿದೀನಿ, ಯಜಮಾನ್ರೇ. ನೀವು ಅಷ್ಟು ಹಿಂದಿದ್ರಿ, ಹೆಂಗ್ ಕಾಣ್ಸುತ್ತೆ?"

ಹಸಿ ಸುಳ್ಳು. ಫೈಲೊನ ಬಿಟ್ಟ ಬಾಯಿ ನೋಡಿಯೇ ತಿಳಿಯಿತು. ಮೂಟೆಯವರೆಲ್ಲ ಬಿದ್ದು ಬಿದ್ದು ನಕ್ಕೆವು. ನಕ್ಕದ್ದೇ ಬಂತು, ಬಹುಮಾನ ಮಾತ್ರ ಗೋರಮನಿಗೇ ಹೋಯಿತು. ಜೋಡಿದೋಣಿಗಳು ಇನ್ನು ಮುಂದೆ ನಮ್ಮ ಜೊತೆ ಓಡಕೂಡದೆಂದು ಹೊಸ ನಿಯಮವೂ ಆಯಿತು.

ಮುಂದಿನ ಪಂದ್ಯಕ್ಕೆ ಓಬೆಡನನ್ನು ಕರೆಯಲು ನಾನೇ ಹೋದೆ. ಅಪ್ಪ ಮಗ ಇಬ್ಬರೂ ಅಡ್ಡತೊಲೆಗೆ ಬಣ್ಣ ಬಳಿಯುತ್ತಿದ್ದರು.

"ಗೋರಮ್ ಕರೀತಿದಾನೆ. ಮೂಟೆ ಎತ್ತೋಕೆ ಬರ್ತೀಯಾ?"

"ಇಲ್ಲ ಮಾರಾಯ," ಎಂದ ಓಬೆಡ್, ಕುಂಚ ಅದ್ದುತ್ತಾ. "ನಮ್ ದೋಣಿಗೆ ಮೂಟೆ ಬೇಡ."

ಫೈಲೊ ತಲೆಯೆತ್ತಲಿಲ್ಲ. ಬಳಿದ ಜಾಗಕ್ಕೇ ಮತ್ತೆ ಮತ್ತೆ ಬಣ್ಣ ಬಳಿಯುತ್ತಿದ್ದ.